ಓಡಿದವನ ಕಲ್ಲು

ಚಿಕ್ಕ ಹೊಳೆ ದೊಡ್ಡ ಹೊಳೆಯನ್ನು ಕೂಡುವಲ್ಲಿ ಒಂದು ಬಯಲು. ಅದು ಯಾರದ್ದೆಂದು ಇಬ್ಬರು ರಾಜರು ಜಗಳವಾಡಿದರು. ಒಂದೇ ಹಗಲಿನಲ್ಲಿ ಇನ್ನೂರು ಜನ ಸತ್ತರು.

ಆಮೇಲೆ ರಾಜರು ರಾಜಿಯಾದರು. ಒಬ್ಬನ ಮಗಳು ಇನ್ನೊಬ್ಬನ ಸೊಸೆಯಾದಳು. ಬಯಲು ಯಾರದ್ದೆಂಬ ಮಾತು ಬೀಗರ ಊಟದ ಹೋಳಿಗೆಯ ಜೊತೆ ಕರಗಿಹೋಯಿತು.

ಸತ್ತವರು ಮಾತ್ರ ಬಯಲಿನಲ್ಲೇ ಉಳಿದರು. ಒಬ್ಬೊಬ್ಬರಿಗೆ ಒಂದೊಂದು ವೀರಗಲ್ಲು.

ಆ ಕಲ್ಲುಗಳ ಸಾಲು ಮುಗಿಯುವಲ್ಲಿ ಒಂದು ಹುಲ್ಲಿನ ಗುಡಿಸಲಿತ್ತು. ಅದರಲ್ಲಿ ಕಾಳೋಜನೆಂಬ ಮುದುಕನಿದ್ದ. ಕಲ್ಲು ಕೆತ್ತುವವನು, ಕೆತ್ತುವುದನ್ನು ಕಲಿಸುವವನು. ಆ ಸಾಲನ್ನು ಅವನೇ ಆಗಿನ ಶಿಷ್ಯರ ಜೊತೆ ಕೆತ್ತಿ ನಿಲ್ಲಿಸಿದ್ದ. ಜನ ಅವನನ್ನು ಓಜಯ್ಯ ಎನ್ನುತ್ತಿದ್ದರು.

ಓಜಯ್ಯನದು ಒಂದೇ ನೇಮ. ಕಣ್ಣಾರೆ ಕಂಡವರ ಮಾತಿಲ್ಲದೆ ಅವನು ಯಾರ ಕಲ್ಲಿಗೂ ಉಳಿ ಇಡುತ್ತಿರಲಿಲ್ಲ. "ನಮ್ಮಪ್ಪ ನಲವತ್ತು ಜನರನ್ನು ಕೊಂದ" ಎಂದು ಯಾರಾದರೂ ಬಂದರೆ, "ಕಂಡವರು ಯಾರು?" ಎಂದು ಕೇಳುತ್ತಿದ್ದ. ನಲವತ್ತು ಜನ ಆಗ ನಾಲ್ವರಾಗುತ್ತಿದ್ದರು. ಕೆಲವು ಸಲ ಒಬ್ಬನೂ ಉಳಿಯುತ್ತಿರಲಿಲ್ಲ.

ಮಹಾಲಯ ಅಮಾವಾಸ್ಯೆಯ ದಿನ ಊರಿಗೆ ಊರೇ ಚಿಕ್ಕ ಹೊಳೆ ದಾಟಿ ಬಯಲಿಗೆ ಬರುವುದು ವಾಡಿಕೆ. ಪ್ರತಿ ಮನೆಯವರೂ ತಮ್ಮ ತಮ್ಮ ಕಲ್ಲಿಗೆ ನೀರೆರೆದು, ಎಣ್ಣೆ ಸವರಿ, ಎಡೆ ಇಡುತ್ತಾರೆ. ಸಾತವ್ವ ಪ್ರತಿ ವರ್ಷ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೇಲಿಯಾಚೆ ನಿಂತು ನೋಡುತ್ತಿದ್ದಳು.

ಅವಳ ಗಂಡ ಮಾಚ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಹೆಣ ಸಿಗದವನು ಓಡಿಹೋದವನು ಎಂದು ಊರು ತೀರ್ಮಾನ ಮಾಡಿತ್ತು. ಊರಿಗೆ ತೀರ್ಮಾನ ಮಾಡಲು ಯಾರ ಸಾಕ್ಷಿಯೂ ಬೇಕಾಗಿರಲಿಲ್ಲ.

ಆ ವರ್ಷ ಮಗಳು ಜಕ್ಕಿಗೆ ಮೂರು ತುಂಬಿತ್ತು. ಅವಳು ಎಲ್ಲರ ಹಾಗೆ ಚೊಂಬಿನಲ್ಲಿ ನೀರು ಹಿಡಿದುಕೊಂಡಿದ್ದಳು.

"ಅವ್ವಾ, ನಮ್ಮ ಕಲ್ಲು ಯಾವುದು?"

ಪಕ್ಕದಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಸಾತವ್ವ ಬೇಲಿ ದಾಟಿದಳು. ಯಾರ ಕಲ್ಲಿನ ಮುಂದೆಯೂ ನಿಲ್ಲದೆ ನೆಟ್ಟಗೆ ಗುಡಿಸಲಿಗೆ ನಡೆದಳು.

"ನನ್ನ ಗಂಡನಿಗೆ ಒಂದು ಕಲ್ಲು ಬೇಕು, ಓಜಯ್ಯ."

"ಕಂಡವರು ಯಾರು?"

"ಯಾರೂ ಇಲ್ಲ."

"ಹಾಗಾದ್ರೆ ಕಲ್ಲೂ ಇಲ್ಲ."

"ಹಾಗಾದ್ರೆ ಕೆತ್ತೋದು ಕಲಿಸಿ. ನಾನೇ ಕೆತ್ಕೊಳ್ತೀನಿ."

"ಹೆಂಗಸರಿಗೆ ನಾನು ಕಲಿಸಿಲ್ಲ."

"ಬೀಸೋ ಕಲ್ಲು, ಅರೆಯೋ ಕಲ್ಲು, ಒಗೆಯೋ ಕಲ್ಲು, ಎಲ್ಲಾ ನಮ್ಮ ಕೈಲೇ ಇದಾವೆ. ಇದೊಂದು ಕಲ್ಲು ನೀವು ಬಚ್ಚಿಟ್ಕೊಂಡಿದ್ದೀರಿ."

ಓಜಯ್ಯ ನಗಲಿಲ್ಲ. ಮೂಲೆಯಲ್ಲಿದ್ದ ತೆಂಗಿನ ನಾರಿನ ಉಂಡೆ ಎತ್ತಿ ಅವಳ ಕೈಗೆ ಹಾಕಿದ.

"ತೊಳಿ."

"ಯಾವುದನ್ನ?"

"ಎಲ್ಲಾನೂ."

ಇನ್ನೂರು ಕಲ್ಲು. ಒಂದೊಂದರ ಗೆರೆಗಳಲ್ಲೂ ಹಳೆಯ ಎಣ್ಣೆಯ ಜಿಡ್ಡು, ಪಾಚಿ. ಸಾತವ್ವ ಬೆಳಿಗ್ಗೆ ಮನೆಗೆಲಸ ಮುಗಿಸಿ ಬರುತ್ತಿದ್ದಳು, ದನ ಮನೆಗೆ ತಿರುಗುವ ಹೊತ್ತಿಗೆ ಹೋಗುತ್ತಿದ್ದಳು. ಜಕ್ಕಿ ಕಲ್ಲುಗಳ ನೆರಳಿನಲ್ಲಿ ಆಡಿ, ಅಲ್ಲೇ ನಿದ್ದೆ ಮಾಡುತ್ತಿದ್ದಳು.

ಎಲ್ಲ ಕಲ್ಲುಗಳೂ ಒಂದೇ ಕ್ರಮದವು. ಕೆಳಗಿನ ಸಾಲಿನಲ್ಲಿ ಕಾದಾಟ. ನಡುವಿನ ಸಾಲಿನಲ್ಲಿ ಅಪ್ಸರೆಯರು ಸತ್ತವನನ್ನು ತೋಳು ಹಿಡಿದು ಸ್ವರ್ಗಕ್ಕೆ ಕರೆದೊಯ್ಯುವುದು. ಮೇಲೆ ಶಿವನ ಮುಂದೆ ಅವನು ಕೈಮುಗಿದು ಕೂತಿರುವುದು.

ತೊಳೆದು ಮುಗಿದ ದಿನ ಸಾತವ್ವ ಹೇಳಿದಳು, "ಇವರೆಲ್ಲರಿಗೂ ಒಂದೇ ಮುಖ, ಓಜಯ್ಯ. ಅದೇ ಕಣ್ಣು, ಅದೇ ಮೀಸೆ."

"ಮುಖ ಗೊತ್ತಿದ್ದದ್ದು ಅವರ ಅವ್ವಂದಿರಿಗೆ. ನನಗಲ್ಲ."

"ಮತ್ತೆ ನೀವು ಕೆತ್ತಿದ್ದು ಏನು?"

"ಇವನಿಗೆ ಈಟಿ ಪಕ್ಕೆಗೆ ಬಿತ್ತು. ಇವನು ಕುದುರೆ ಕಾಲಿಗೆ ಸಿಕ್ಕ. ಕಂಡವರು ಹೇಳಿದ್ದು ಅಷ್ಟು. ಮೀಸೆ ನನ್ನದು."

ಮರುದಿನ ಅವನು ಅವಳ ಕೈಗೆ ಉಳಿ ಕೊಟ್ಟ. ಕೆತ್ತುವುದಕ್ಕಲ್ಲ, ಹದ ಮಾಡುವುದಕ್ಕೆ. ಉಳಿ ಹದ ಮಾಡುವುದರಲ್ಲಿ ಎರಡು ತಿಂಗಳು ಹೋಯಿತು. ಆಮೇಲೆ ಕಲ್ಲನ್ನು ತಟ್ಟಿ ನೋಡುವುದು. ಒಳಗೆ ಬಿರುಕಿದ್ದರೆ ಕಲ್ಲು ಒಡಕು ಮಡಕೆಯ ಹಾಗೆ ಮಾತಾಡುತ್ತದೆ, ಗಟ್ಟಿಯಿದ್ದರೆ ಗಂಟೆಯ ಹಾಗೆ. ಆಮೇಲೆ ನೇರ ಗೆರೆ. ಬರೀ ನೇರ ಗೆರೆ, ಚಳಿಗಾಲ ಮುಗಿಯುವ ತನಕ.

"ಈ ಗೆರೆ ಎಳೆಯೋಷ್ಟರಲ್ಲಿ ನನ್ನ ಮಗಳ ಮದುವೆ ಆಗುತ್ತೆ" ಅಂದಳು ಸಾತವ್ವ.

"ಗೆರೆ ಸೊಟ್ಟಗಿದೆ" ಅಂದ ಓಜಯ್ಯ.

ಸಾತವ್ವನಿಗೆ ಕಾಯುವುದು ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಅವಳು ಗುಡಿಸಲಿನ ಹಿಂದೆ ಬಿದ್ದಿದ್ದ ಒಂದು ಚಪ್ಪಡಿಯ ಮೇಲೆ, ಓಜಯ್ಯ ಮಲಗಿದ ಮಧ್ಯಾಹ್ನಗಳಲ್ಲಿ, ಗಂಡನನ್ನು ಕೆತ್ತಿದಳು. ಎದೆ ಉಬ್ಬಿಸಿ ನಿಂತ ಮಾಚ. ಕತ್ತಿ ಎತ್ತಿದ ಮಾಚ. ಕಾಲ ಕೆಳಗೆ ಐದು ಹೆಣ. ಯಾರೂ ಕಂಡಿಲ್ಲವೆಂದ ಮೇಲೆ ಐದಾದರೇನು, ಐವತ್ತಾದರೇನು? ಅವಳು ಐದಕ್ಕೇ ನಿಲ್ಲಿಸಿದಳು. ಅಷ್ಟು ಮರ್ಯಾದೆ ಅವಳಿಗಿತ್ತು.

ಮುಗಿದ ಮೇಲೆ ಬಚ್ಚಿಡಲಿಲ್ಲ. ಓಜಯ್ಯನನ್ನು ಕರೆದು ತೋರಿಸಿದಳು.

ಓಜಯ್ಯ ಕಲ್ಲಿನ ಸುತ್ತ ಒಂದು ಸುತ್ತು ಬಂದ. "ಪೆಟ್ಟು ಚೆನ್ನಾಗಿ ಕೂತಿದೆ. ಯಾರಿದು?"

"ನನ್ನ ಗಂಡ."

"ನಿನ್ನ ಗಂಡ ಕುಡುಗೋಲು ಯಾವ ಕೈಲಿ ಹಿಡೀತಿದ್ದ?"

"ಎಡಗೈಲಿ. ಎಡಚ ಅಲ್ವಾ ಅವನು. ಅವನ ಕುಡುಗೋಲು ಹಿಡಿದು ನಾನು ಎಷ್ಟು ಸಲ ಕೈ ಕುಯ್ಕೊಂಡು..."

ಅವಳು ಕಲ್ಲಿನ ಕಡೆ ತಿರುಗಿದಳು. ಕಲ್ಲಿನ ಮೇಲಿನ ಮಾಚ ಕತ್ತಿಯನ್ನು ಬಲಗೈಯಲ್ಲಿ ಹಿಡಿದಿದ್ದ. ಅವಳು ಇನ್ನೂರು ಕಲ್ಲು ತೊಳೆದಿದ್ದಳು. ಇನ್ನೂರರಲ್ಲೂ ಕತ್ತಿ ಬಲಗೈಯಲ್ಲೇ ಇತ್ತು.

"ಇವನ ಹೆಂಡತಿ ಯಾರಾದ್ರೂ ಬಂದು ಕೇಳಿದ್ರೆ ಕೊಟ್ಟುಬಿಡು" ಅಂದ ಓಜಯ್ಯ. "ನಿನ್ನ ಗಂಡಂದು ಇನ್ನೂ ಶುರುವಾಗಿಲ್ಲ."

ಸಾತವ್ವ ಆ ಕಲ್ಲನ್ನು ಹೊಳೆಯ ದಡಕ್ಕೆ ಉರುಳಿಸಿದಳು. ಬೋರಲು ಹಾಕಿ ಅದರ ಮೇಲೆ ಬಟ್ಟೆ ಒಗೆದಳು. ಆ ದಿನ ಬಟ್ಟೆ ಬಹಳ ಬೆಳ್ಳಗಾಯಿತು.

ಮರುದಿನದಿಂದ ಅವಳು ಕಂಡವರನ್ನು ಹುಡುಕಲು ಹೊರಟಳು.

ಯುದ್ಧದಿಂದ ಜೀವ ಉಳಿಸಿಕೊಂಡು ಬಂದ ಗಂಡಸರು ಊರಿನಲ್ಲಿ ಮೂವತ್ತು ಜನರಿದ್ದರು. ಊರಗೌಡ ಎರೆಗೌಡನೂ ಅವರಲ್ಲಿ ಒಬ್ಬ. ಸಾತವ್ವ ಒಬ್ಬೊಬ್ಬರ ಜಗಲಿಗೂ ಹೋಗಿ ಕೇಳಿದಳು. ಎಲ್ಲರ ಉತ್ತರವೂ ಒಂದೇ. ನಾವು ಮುಂದಿನ ಸಾಲಿನಲ್ಲಿದ್ದೆವು, ಹಿಂದೆ ಏನಾಯಿತೋ ನೋಡಲಿಲ್ಲ.

ಅವಳು ತಿರುಗಿ ಬಂದು ಓಜಯ್ಯನ ಮುಂದೆ ಕೂತಳು.

"ಎಲ್ಲರೂ ಮುಂದೇನೇ ಇದ್ರಂತೆ, ಓಜಯ್ಯ. ಅಷ್ಟು ದೊಡ್ಡ ದಂಡಿಗೆ ಬೆನ್ನೇ ಇರಲಿಲ್ಲವಂತೆ."

"ಮುಂದೆ ಇದ್ದವನನ್ನ ಸರಿಯಾಗಿ ಕಾಣೋರು ಯಾರು?"

"ಯಾರು?"

"ಎದುರಿಗೆ ನಿಂತವರು."

ಸಾತವ್ವ ದೊಡ್ಡ ಹೊಳೆಯ ಆಚೆ ನೋಡಿದಳು. "ಆ ಊರಿಗಾ? ಅವರು ನಮ್ಮ ಶತ್ರುಗಳು."

"ರಾಜರು ಹೋಗಿ ಹೋಳಿಗೆ ಉಂಡು ಬಂದರು. ನೀನು ಹೋಗಿ ಒಂದು ಮಾತು ಕೇಳ್ಕೊಂಡು ಬಾ."

ಅವಳು ಜಕ್ಕಿಯನ್ನು ಕರೆದುಕೊಂಡು ಹರಿಗೋಲು ಹತ್ತಿದಳು.

ಆಚೆ ದಡದ ಊರುಗಳಲ್ಲಿ ಎಂಟು ದಿನ ಅಲೆದಳು. ಎಡಗೈಯಲ್ಲಿ ಕತ್ತಿ ಹಿಡಿದವನನ್ನು ಕಂಡವರಿದ್ದಾರೆಯೇ ಎಂದು ಕೇಳುತ್ತಾ ಹೋದಳು. ಕೆಲವರು ನಾಯಿ ಬಿಟ್ಟರು. ಕೆಲವರು ಊಟ ಹಾಕಿದರು. ಎಂಟನೆಯ ದಿನ ಯಾರೋ ಹಗ್ಗ ಹೊಸೆಯುವ ನಾಗಯನ ಮನೆ ತೋರಿಸಿದರು.

ನಾಗಯ ಅಂಗಳದಲ್ಲಿ ಒಬ್ಬನೇ ಪುಂಡಿ ನಾರಿನ ಹಗ್ಗ ಹುರಿ ಮಾಡುತ್ತಿದ್ದ. ಒಂದು ಕಾಲು ಕುಂಟು. ಇವಳು ಬಾಯಿ ತೆರೆಯುವ ಮೊದಲೇ ಹಗ್ಗದ ಇನ್ನೊಂದು ತುದಿ ಅವಳ ಕೈಗೆ ಕೊಟ್ಟ.

"ಹಿಡ್ಕೋ ತಾಯಿ. ಬಿಗಿಯಾಗಿ. ಬಿಟ್ರೆ ಹುರಿಯೆಲ್ಲಾ ಬಿಚ್ಕೊಳ್ಳುತ್ತೆ. ಈಗ ಹೇಳು."

ಸಾತವ್ವ ತುದಿ ಹಿಡಿದೇ ಕೇಳಿದಳು. ನಾಗಯ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಎಡಚ. ನೆನಪಿದಾನೆ. ನನ್ನ ಎದುರಿಗೇ ಬಂದ. ಎಡಚ ಎದುರಾದ್ರೆ ಪೆಟ್ಟು ಎಲ್ಲಿಂದ ಬರುತ್ತೆ ಅಂತ ಗೊತ್ತಾಗಲ್ಲ. ಸತ್ತೆ ಅಂದ್ಕೊಂಡೆ."

"ಆಮೇಲೆ?"

"ಅವನು ಹೊಡೀಲಿಲ್ಲ. ಕತ್ತಿ ಬಿಸಾಕಿ ಚಿಕ್ಕ ಹೊಳೆ ಕಡೆಗೆ ಓಡಿದ."

"ಸುಳ್ಳು."

"ಸುಳ್ಳು ಬೇಕಿದ್ರೆ ಇಷ್ಟು ದೂರ ಯಾಕೆ ಬಂದೆ? ನಿಮ್ಮೂರಲ್ಲೇ ಸಿಗ್ತಿತ್ತಲ್ಲ."

ಸಾತವ್ವನ ಕೈ ಸಡಿಲವಾಯಿತು. "ಹಗ್ಗ" ಎಂದು ನಾಗಯ ಎಚ್ಚರಿಸಿದ. ಅವಳು ಮತ್ತೆ ಬಿಗಿ ಹಿಡಿದಳು.

"ಓಡ್ತಾ ಓಡ್ತಾ ಕೂಗ್ತಿದ್ದ. ನಮ್ಮವರು ಅದನ್ನ ಕೇಳಿ ನಕ್ಕರು."

"ಏನಂತ ಕೂಗ್ತಿದ್ದ?"

"ಬಿಟ್ಟುಬಿಡ್ರಪ್ಪಾ, ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ ಅಂತ."

ಮಾಚ ಹೊರಟಾಗ ಕೂಸಿಗೆ ಒಂಬತ್ತು ದಿನ. ನಾನು ಬರುವ ತನಕ ಹೆಸರಿಡಬೇಡ ಎಂದು ಹೇಳಿ ಹೋಗಿದ್ದ. ಸಾತವ್ವ ಒಂದು ವರ್ಷ ಕಾದಿದ್ದಳು. ಒಂದು ವರ್ಷ ಆ ಮಗು ಬರೀ ಕೂಸು.

"ಹೊಳೆಗೆ ಇಳಿದನಾ?" ಎಂದು ಕೇಳಿದಳು.

"ಮೊಳಕಾಲು ನೀರಿಗೆ ಇಳಿದಿದ್ದ. ಬೆನ್ನಿಗೆ ಬಾಣ ಬಿತ್ತು. ಹೊಳೆ ತುಂಬಿ ಹರೀತಿತ್ತು. ನೀರು ಎಳ್ಕೊಂಡು ಹೋಯ್ತು."

"ಬಾಣ ಬಿಟ್ಟೋರು ಯಾರು?"

ನಾಗಯ ಒಂದು ಗೇಣು ಹಗ್ಗ ಹೊಸೆದ. ಇನ್ನೊಂದು ಗೇಣು ಹೊಸೆದ.

"ನಾನೇ" ಅಂದ.

ಸಾತವ್ವ ಹಗ್ಗ ಬಿಡಲಿಲ್ಲ. ಬಿಟ್ಟು ಅವನ ಮುಖದ ಮೇಲೆ ಎಸೆದು ಹೋಗಬಹುದಿತ್ತು. ಹುರಿ ಮುಗಿದು, ನಾಗಯ ಗಂಟು ಹಾಕುವ ತನಕ ಹಿಡಿದೇ ನಿಂತಳು. ಅಂಗೈಯಲ್ಲಿ ಬರೆ ಎದ್ದಿತ್ತು.

ಅವಳು ಹೊರಟಾಗ ನಾಗಯ ಜಕ್ಕಿಯನ್ನು ನೋಡಿದ. "ಹೆಸರು ಏನಿಟ್ಟೆ ತಾಯಿ?"

"ಜಕ್ಕಿ."

ನಾಗಯ ತಲೆ ತಗ್ಗಿಸಿ ಆ ಹೆಸರನ್ನು ಒಂದು ಸಲ ತನ್ನಷ್ಟಕ್ಕೇ ಹೇಳಿಕೊಂಡ.

ಗುಡಿಸಲಿಗೆ ಮರಳುವ ದಾರಿಯುದ್ದಕ್ಕೂ ಸಾತವ್ವ ಇನ್ನೊಂದು ಕಥೆ ಕಟ್ಟಿದಳು. ಎಡಗೈಯವನು ನಾಲ್ವರನ್ನು ಕೆಡವಿ ಎದೆಗೆ ಈಟಿ ತಿಂದು ಬಿದ್ದ. ಕಂಡವನು ನಾಗಯ, ಶತ್ರು. ಶತ್ರುವೇ ಹೊಗಳಿದ ಮೇಲೆ ಬೇರೆ ಮಾತುಂಟೆ? ಊರಿನವರು ಯಾರೂ ಹೊಳೆ ದಾಟಿ ಕೇಳಲು ಹೋಗುವುದಿಲ್ಲ. ಹರಿಗೋಲಿನಿಂದ ಇಳಿಯುವಾಗ ಕಥೆ ಪೂರ್ತಿಯಾಗಿತ್ತು, ಎಲ್ಲೂ ಬಿರುಕಿರಲಿಲ್ಲ.

"ಕಂಡವರು ಸಿಕ್ಕರಾ?" ಓಜಯ್ಯ ಕೇಳಿದ.

"ಸಿಕ್ಕರು."

"ಏನಂದ್ರು?"

ಸಾತವ್ವ ಬಾಯಿ ತೆರೆದಳು. ಅವಳ ಮುಂದೆ ಓಜಯ್ಯ ಉಳಿ ಹಿಡಿದು ಕೂತಿದ್ದ. ಅವಳು ಏನು ಹೇಳಿದರೂ ಅವನು ಅದನ್ನೇ ನಂಬುತ್ತಾನೆ, ಅವಳು ಹೇಳಿದ್ದನ್ನೇ ಕಲ್ಲಿನ ಮೇಲೆ ಕೆತ್ತಿಸುತ್ತಾನೆ. ಅದೇ ಕಷ್ಟವಾಯಿತು.

"ಓಡಿದ ಅಂದ್ರು" ಅಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಬಾಣ, ಹೊಳೆ, ಕೂಗು, ಒಂದನ್ನೂ ಬಿಡಲಿಲ್ಲ.

ಓಜಯ್ಯ ಎದ್ದು ಹೋಗಿ ಎರಡು ಚಪ್ಪಡಿಗಳನ್ನು ತಟ್ಟಿ ನೋಡಿದ. ಮೂರನೆಯದು ಗಂಟೆಯ ಹಾಗೆ ಮಾತಾಡಿತು.

"ತಗೋ. ಕೆತ್ತು."

"ಏನು ಕೆತ್ತಲಿ? ಓಡಿದ್ದನ್ನಾ?"

"ಕಂಡವರು ಅಂದದ್ದನ್ನ."

"ಊರು ನಗುತ್ತೆ, ಓಜಯ್ಯ."

"ಈಗೇನು ಅಳ್ತಾ ಇದೆಯಾ?"

ಅವಳು ಕೆತ್ತಿದಳು. ಮಳೆಗಾಲ ಪೂರ್ತಿ ಕೆತ್ತಿದಳು, ಚಳಿಗಾಲವೂ ಕೆತ್ತಿದಳು. ಸುಗ್ಗಿಯಲ್ಲಿ ಹಗಲು ಕೂಲಿಗೆ ಹೋಗಿ, ಬಂದು, ಹೊತ್ತು ಮುಳುಗುವ ತನಕ ಕೆತ್ತಿದಳು. ಕೈ ಊದಿದರೆ ಬೇವಿನೆಣ್ಣೆ ಹಚ್ಚಿ ಕೆತ್ತಿದಳು. ನಿಂತವನನ್ನು ಕೆತ್ತುವುದು ಸುಲಭ. ಓಡುವವನ ಕಾಲು ಎರಡೂ ಸುಳ್ಳು ಹೇಳುತ್ತವೆ; ಒಂದು ಕುಣಿದಂತೆ, ಒಂದು ಎಡವಿದಂತೆ ಕಾಣುತ್ತದೆ. ಜಕ್ಕಿಯನ್ನು ಬಯಲಿನಲ್ಲಿ ಓಡಿಸಿ, ಓಡಿಸಿ, ನೋಡಿ ಕೆತ್ತಿದಳು.

ಒಂದು ದಿನ ಕೇಳಿದಳು, "ನಡುವಿನ ಸಾಲಿಗೆ ಏನು ಹಾಕಲಿ? ಓಡಿದವನನ್ನ ಕರ್ಕೊಂಡು ಹೋಗೋಕೆ ಅಪ್ಸರೆಯರು ಬರ್ತಾರಾ?"

"ಕಂಡವನು ಅಪ್ಸರೆಯರ ಸುದ್ದಿ ಹೇಳಿದನಾ?"

"ಇಲ್ಲ."

"ಹಾಗಾದ್ರೆ ಅವನು ಎಲ್ಲಿಗೆ ಹೊರಟಿದ್ದನೋ ಅಲ್ಲಿಗೇ ಕಳಿಸು."

ಅವಳು ನಡುವಿನ ಸಾಲಿನಲ್ಲಿ ಒಂದು ತೊಟ್ಟಿಲು ಕೆತ್ತಿದಳು. ಮೇಲೆ ಶಿವನ ಮುಂದೆ ಯಾರನ್ನೂ ಕೂರಿಸಲಿಲ್ಲ. ಅವನು ಅಲ್ಲಿಗೆ ಹೋದದ್ದನ್ನು ಕಂಡವರಿರಲಿಲ್ಲ. ಓಜಯ್ಯ ನೆಲದ ಮೇಲೆ ಬರೆದು ತೋರಿಸಿದ ಅಕ್ಷರ ನೋಡಿ ಬುಡದಲ್ಲಿ ಒಂದು ಸಾಲು ಕೆತ್ತಿದಳು: ಮಾಚ, ಜಕ್ಕಿಯ ಅಪ್ಪ, ಮನೆಗೆ ಓಡುತ್ತಾ ಸತ್ತ.

ಮುಗಿಯಿತೆಂದು ತೋರಿಸಿದಾಗ ಓಜಯ್ಯ ಬಹಳ ಹೊತ್ತು ನೋಡಿದ. ಆ ಇನ್ನೂರು ಕಲ್ಲುಗಳಲ್ಲಿ ಇಲ್ಲದ ಒಂದು ಮುಖ ಈ ಕಲ್ಲಿನಲ್ಲಿತ್ತು.

"ಬೆನ್ನು ಖಾಲಿ ಇದೆ" ಅಂದ.

ಸಾತವ್ವ ಬಾಣ ಕೆತ್ತಲು ಮರೆತದ್ದಲ್ಲ, ಬೇಕೆಂದೇ ಕೈಬಿಟ್ಟದ್ದು. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಒಂದು ಗೇಣಿನ ಬಾಣ ಕೆತ್ತಲು ಅವಳಿಗೆ ಹನ್ನೊಂದು ದಿನ ಬೇಕಾಯಿತು.

ಮಹಾಲಯ ಅಮಾವಾಸ್ಯೆ ಬಂತು. ಸಾತವ್ವ ಬೆಳಕು ಹರಿಯುವಾಗಲೇ ಸಾಲಿನ ಕೊನೆಯಲ್ಲಿ ಗುಂಡಿ ತೋಡಲು ನಿಂತಳು. ಊರಿನವರು ಎಣ್ಣೆ ಬಟ್ಟಲು, ಎಡೆ ಹಿಡಿದು ಬಂದಾಗ ಮೊದಲು ಕಂಡದ್ದು ಆ ಕಲ್ಲು. ಒಬ್ಬರು ಓದಿದರು. ಓದು ಬಾರದವರಿಗೆ ಓದಿ ಹೇಳಿದರು. ಗುಸುಗುಸು ಎದ್ದಿತು.

ಎರೆಗೌಡ ಮುಂದೆ ಬಂದ. "ಏನಿದು ಸಾತವ್ವ? ಓಡಿದವನು ಅಂತ ನೀನೇ ಬರ್ಕೊಂಡಿದೀಯಲ್ಲೇ. ನಾವು ಅಂದದ್ದು ನಿಜ ಆಯ್ತಾ?"

"ಅರ್ಧ ನಿಜ ಗೌಡರೇ. ಎಲ್ಲಿಗೆ ಓಡಿದ ಅಂತ ನೀವು ಹೇಳಿರಲಿಲ್ಲ. ದೊಡ್ಡ ಹೊಳೆ ಆಚೆ ಕಂಡವನು ಹೇಳಿದ."

"ಎಲ್ಲಿಗೇ ಓಡಲಿ. ಈ ಸಾಲು ನಿಂತು ಸತ್ತವರದ್ದು. ಓಡಿದವನಿಗೆ ಇಲ್ಲಿ ಜಾಗ ಇಲ್ಲ. ನಿನ್ನ ಹಿತ್ತಲಲ್ಲಿ ನೆಟ್ಕೋ ಹೋಗು."

ಸಾತವ್ವ ಹಾರೆಯನ್ನು ನೆಲಕ್ಕೆ ಊರಿ ನಿಂತಳು.

"ನಿಂತವರು ಇಲ್ಲಿ ಕಲ್ಲಾಗಿದ್ದಾರೆ ಗೌಡರೇ. ನೀವು ಮೂವತ್ತು ಜನ ಮುಂದಿನ ಸಾಲಿನಲ್ಲಿದ್ದವರು ಮನೆಗೆ ಹೇಗೆ ಬಂದಿರಿ? ನಡ್ಕೊಂಡಾ?"

ಗಂಡಸರು ಅವರವರ ಚೊಂಬಿನ ನೀರು ನೋಡಿಕೊಂಡರು.

ಹೆಂಗಸರ ನಡುವಿನಿಂದ ಒಬ್ಬ ಮುದುಕಿ ಕೋಲೂರಿಕೊಂಡು ಬಂದಳು. ಅವಳ ಮಗನ ಕಲ್ಲು ಅದೇ ಸಾಲಿನಲ್ಲಿತ್ತು, ಎದೆಯುಬ್ಬಿಸಿಕೊಂಡು. ಅವಳು ಮಾಚನ ಕಲ್ಲಿನ ತೊಟ್ಟಿಲನ್ನು ಬೆರಳಿನಿಂದ ಸವರಿ ನೋಡಿದಳು.

"ಮಗಾ" ಎಂದು ಸಾತವ್ವನನ್ನು ಮೆಲ್ಲಗೆ ಕೇಳಿದಳು, "ಆ ಕಂಡವನ ಊರು ಎಷ್ಟು ದೂರ? ನನ್ನ ಕೈಲಿ ನಡೆಯೋಕಾಗುತ್ತಾ?"

ಎರೆಗೌಡನ ಮುಖ ಕೆಂಪಾಯಿತು. ಅವನು ಗುಡಿಸಲಿನ ಕಡೆ ತಿರುಗಿದ. ಓಜಯ್ಯ ಆಗಲೇ ಎದ್ದು ಬರುತ್ತಿದ್ದ.

"ನೋಡಿ ಓಜಯ್ಯ, ನೀವು ದೊಡ್ಡವರು. ಈ ಬಯಲಿನ ಕಲ್ಲೆಲ್ಲಾ ನೀವು ನಿಲ್ಲಿಸಿದ್ದು. ನೀವೇ ನಿಮ್ಮ ಶಿಷ್ಯೆಗೆ ಹೇಳಿ."

ಓಜಯ್ಯ ಗೌಡನನ್ನು ದಾಟಿ ಬಂದ. ಗುಂಡಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತ. ಕೈ ಇಳಿಬಿಟ್ಟು ಆಳ ನೋಡಿದ. ಆಮೇಲೆ ತಲೆ ಎತ್ತಿ ಸಾತವ್ವನಿಗೆ ಹೇಳಿದ:

"ಇನ್ನೊಂದು ಮೊಳ ತೋಡು. ಓಡೋನು ನಿಲ್ಲಬೇಕಾದ್ರೆ ಬುಡ ಆಳಕ್ಕಿರಬೇಕು."